ಹನ್ನೊಂದು ಕಿವಿಗಳು

"ಬಲಿ ಬಿಡ್ರಿ!"

ಬೆಳಗಿನ ಆರೂವರೆ. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿ. ಪಂಪಾವತಿ ಎರಡೂ ಕೈಯಲ್ಲಿ ಬಲೆಯ ಕೋಲು ಹಿಡಿದು ನಿಂತಿದ್ದಳು. ಕೋಲಿನ ಇನ್ನೊಂದು ತುದಿ ನಾಯಿ ಹಿಡಿಯುವವನ ಕೈಯಲ್ಲಿತ್ತು. ನಡುವೆ ಒಂದು ಕಂದು ಹೆಣ್ಣುನಾಯಿ ಬಲೆಯನ್ನು ಕಚ್ಚುತ್ತಿತ್ತು.

"ನೀವ ಬಿಡ್ರಿ ಮೇಡಂ. ಅದು ಹೆದರೇತಿ. ಕಚ್ಚಿದ್ರ ನಿಮಗ ಕಚ್ಚತೈತಿ."

"ಹಾಲು ಕುಡಿಸೋ ನಾಯಿ ಹಿಡೀಬಾರದು ಅಂತ ಗೊತ್ತಿಲ್ಲೇನು? ಮೊಲಿ ನೋಡ್ರಿ!"

"ನೋಡೇನ್ರಿ. ಐದು ಮರಿ ಅಲ್ಲಿ ಆಟೋದಾಗ ಬುಟ್ಟಿಯೊಳಗ ಅದಾವ. ನೀವು ಬೆನ್ನು ನೋಡ್ರಿ."

ಅವಳು ನೋಡಿದಳು. ಯಾರೋ ಬಿಸಿನೀರು ಸುರಿದಿದ್ದರು. ಬೆನ್ನಿನ ತೊಗಲು ಅಂಗೈಯಗಲ ಸುಲಿದು ಕೆಂಪಾಗಿತ್ತು.

"ನಿಮ್ಮ ಶೆಲ್ಟರಿಗೇ ತರಾಕತ್ತಿದ್ದೆ."

'ಛೇ… ಎಂಥ ಕೆಲಸ ಮಾಡಿದೆ!' ಪಂಪಾವತಿ ಕೋಲು ಬಿಟ್ಟಳು. ಮುಖ ಬಿಸಿಯಾಯಿತು.

"ಹೆಸರೇನ್ರಿ ನಿಮ್ದು?"

"ಹುಲುಗೇಶ್. ಮಂದಿ ಲೇ ನಾಯಿ ಹಿಡಿಯೋನೆ ಅಂತಾರ. ಎರಡರಾಗ ಯಾವುದು ಕರದ್ರೂ ತಿರುಗಿ ನೋಡ್ತೀನಿ."

ಅವಳಿಗೆ ನಗು ಬಂತು. ಹಾಗೆ ಶುರುವಾಯಿತು.

ಕಡ್ಡಿರಾಂಪುರದ ಹೊರಗೆ, ಬಾಳೆತೋಟದ ಪಕ್ಕದಲ್ಲಿ ತಗಡಿನ ಮಾಡಿನ ಆ ಶೆಲ್ಟರ್ ಇತ್ತು. ನಲವತ್ತೆರಡು ನಾಯಿಗಳು. ಕುಂಟುವವು, ಕುರುಡಾದವು, ಲಾರಿಗೆ ಸಿಕ್ಕು ಉಳಿದವು. ಅದನ್ನು ನೋಡಿಕೊಳ್ಳುವವಳು ಪಂಪಾವತಿ. ನಾಯಿಗಳಿಗೆ ಅನ್ನ, ಕೋಳಿಕಾಲು ಬೇಯಿಸುವವಳು ತಿಪ್ಪಕ್ಕ.

ಹುಲುಗೇಶ್ ಬೀದಿನಾಯಿಗಳನ್ನು ಹಿಡಿದು ತರುತ್ತಿದ್ದ. ಡಾಕ್ಟರು ಸಂತಾನಹರಣದ ಆಪರೇಷನ್ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಎಡಗಿವಿಯ ತುದಿಯಲ್ಲಿ ಒಂದು ಚೂರು ಕತ್ತರಿಸುತ್ತಿದ್ದರು. ಕಿವಿ ಕತ್ತರಿಸಿದೆ ಎಂದರೆ ಲಸಿಕೆ ಆಗಿದೆ, ಮತ್ತೆ ಹಿಡಿಯಬೇಡಿ ಎಂದರ್ಥ. ಆಮೇಲೆ ಎಲ್ಲಿ ಹಿಡಿದಿದ್ದರೋ ಅಲ್ಲೇ ಬಿಡುವುದು.

ದಿನಕ್ಕೊಮ್ಮೆ ಬರುತ್ತಿದ್ದವನು ಎರಡು ಸಲ ಬರತೊಡಗಿದ.

"ಏನಲೇ ಹುಲುಗ್ಯಾ, ಇವತ್ತು ಒಂದೂ ನಾಯಿ ತಂದಿಲ್ಲ! ಬರೀ ಮಾರಿ ತೋರಸಾಕ ಬಂದೀಯೇನು?" ತಿಪ್ಪಕ್ಕ ಕೇಳುತ್ತಿದ್ದಳು.

"ನಿನ್ನ ನೋಡಾಕ ಬಂದೇನಿ ಯಕ್ಕಾ."

"ನಾ ಒಲಿ ಮುಂದ ಅದೀನಿ. ನಿನ್ನ ಕಣ್ಣು ಆಫೀಸಿನ ಕಡೆ ಐತಿ!"

ಒಳಗೆ ಕುಳಿತ ಪಂಪಾವತಿಗೆ ಎಲ್ಲವೂ ಕೇಳುತ್ತಿತ್ತು. ಕೇಳಲಿ ಎಂದೇ ತಿಪ್ಪಕ್ಕ ಜೋರಾಗಿ ಹೇಳುತ್ತಿದ್ದಳು.

ಆ ನವೆಂಬರ್‌ನಲ್ಲಿ ಹುಲುಗೇಶ್ ಒಂದು ವಾರ ಕಂಪ್ಲಿಗೆ ಹೋಗಿದ್ದ. ಆಗ ಯಾರೋ ಮರಿಯಮ್ಮನಹಳ್ಳಿ ರಸ್ತೆಯಿಂದ ಕಾಲಿಗೆ ಗಾಯವಾದ ಒಂದು ಕಪ್ಪು ನಾಯಿ ತಂದುಬಿಟ್ಟರು. ಅನ್ನ ಇಡಲು ಬಗ್ಗಿದ ತಿಪ್ಪಕ್ಕನ ಕೆನ್ನೆಗೆ ಅದು ಬಾಯಿ ಹಾಕಿತು. ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ.

ಯಾವ ನಾಯಿ ಕಚ್ಚಿದರೂ ಸರಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕು. ಈ ನಿಯಮವನ್ನು ಗೋಡೆಯ ಮೇಲೆ ಬರೆಸಿದವಳು ಪಂಪಾವತಿಯೇ.

"ನನಗ ಸೂಜಿ ಬ್ಯಾಡವ್ವ, ಭಾಳ ಅಂಜಿಕಿ," ಎಂದಳು ತಿಪ್ಪಕ್ಕ.

ಪಂಪಾವತಿ ನಾಯಿಯ ಕಿವಿ ನೋಡಿದಳು. ತುದಿ ಕತ್ತರಿಸಿತ್ತು. ಒಲೆಯ ಮೇಲೆ ಅರ್ಧ ಬೆಂದ ಅನ್ನವಿತ್ತು. ತಿಪ್ಪಕ್ಕ ಹೋದರೆ ಅಡುಗೆಗೆ ಬೇರೆ ಯಾರೂ ಇರಲಿಲ್ಲ.

"ಕಿವಿ ಕಟ್ ಆಗೇತಿ ಯಕ್ಕಾ. ಲಸಿಕಿ ಆದ ನಾಯಿ. ಇಂಜೆಕ್ಷನ್ ಏನ್ ಬ್ಯಾಡ, ಸೋಪು ಹಚ್ಚಿ ತೊಳಕೋ."

ಅಷ್ಟೇ. ನಾಯಿಯ ಫೋಟೊ ತೆಗೆದು, ಗಾಯಕ್ಕೆ ಔಷಧಿ ಹಾಕಿ, ಮರುದಿನ ಅದನ್ನು ಸಿಕ್ಕಿದ ಜಾಗದಲ್ಲೇ ಬಿಡಿಸಿದಳು.

ಕಚ್ಚಿದ ಮೂವತ್ತೆರಡನೆಯ ದಿನ ತಿಪ್ಪಕ್ಕ ನೀರಿನ ಲೋಟ ಕಂಡು ಕಿರುಚಿದಳು. ಬಳ್ಳಾರಿಯ ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗ ಎಂದು ಅವಳ ಕೈಕಾಲು ಕಟ್ಟಿ ಮಲಗಿಸಿದರು. ಮಗ ಗಾದಿಲಿಂಗನೂ ಹುಲುಗೇಶನೂ ಬಾಗಿಲ ಬಳಿಯೇ ಇದ್ದರು. ಪಂಪಾವತಿ ಒಂದೇ ಸಲ ಹೋಗಿ ಬಂದಳು. ಎರಡನೆಯ ಸಲ ಹೋಗುವ ಧೈರ್ಯ ಅವಳಿಗಿರಲಿಲ್ಲ.

ನಾಲ್ಕನೆಯ ದಿನ ತಿಪ್ಪಕ್ಕ ಸತ್ತಳು.

ಮಣ್ಣು ಮಾಡಿ ಬಂದ ಮರುದಿನ ಡಾಕ್ಟರು ರಿಜಿಸ್ಟರ್ ತೆರೆದರು. ಆಪರೇಷನ್ ಆದ ಪ್ರತಿ ನಾಯಿಯ ಫೋಟೊ ಅದರಲ್ಲಿತ್ತು. ಆ ಕಪ್ಪು ನಾಯಿಯದು ಇರಲಿಲ್ಲ.

"ಇದರ ಕಿವಿ ಕತ್ತರಿಸಿದ್ದು ಯಾರು?"

ಹುಲುಗೇಶ್ ಫೋಟೊ ನೋಡಿದ. ಬಹಳ ಹೊತ್ತು ನೋಡಿದ.

"ನಾನು."

ಪಂಪಾವತಿ ತಲೆಯೆತ್ತಿದಳು.

"ಎರಡು ವರ್ಷದ ಹಿಂದ ಬ್ಯಾರೆ ಗುತ್ತಿಗೆದಾರನ ಕೈಯಾಗಿದ್ದೆ. ಅವ ಹಿಡದ ನಾಯೀನ ಸಂಡೂರಿನ ಆಚೆ ಗುಡ್ಡದಾಗ ಸುರದು ಬರತಿದ್ದ. ಇಲ್ಲಿ ಮರಿ ಹಾಲಿಲ್ಲದ ಸಾಯ್ತಿದ್ವು. ಕಿವಿ ಕಟ್ ಆದದ್ದು ಮಾತ್ರ ಅವ ಮುಟ್ಟತಿರಲಿಲ್ಲ. ಅದಕ್ಕ… ಮರಿ ಇರೋ ಹನ್ನೊಂದು ನಾಯಿ ಕಿವಿ ನಾನ ಬ್ಲೇಡಿನಾಗ ಕೊಯ್ದೆ. ಉಳಕೊಳ್ಳಿ ಅಂತ."

"ನನಗ ಯಾಕ ಹೇಳಲಿಲ್ಲ?"

"ಹೇಳಬೇಕಂತಿದ್ದೆ. ದಿನಾ. ನಿಮ್ಮ ಮಾರಿ ನೋಡಿದ್ರ ಬಾಯಿ ಬರತಿರಲಿಲ್ಲ."

"ನೀವ ಕೊಂದ್ರಿ!" ಪಂಪಾವತಿ ಕೂಗಿದಳು. "ತಿಪ್ಪಕ್ಕನ್ನ ನೀವ ಕೊಂದ್ರಿ! ಹೋಗ್ರಿ ಇಲ್ಲಿಂದ!"

ಕೂಗುವುದು ಸುಲಭವಾಗಿತ್ತು. ಇಂಜೆಕ್ಷನ್ ಬೇಡ ಎಂದು ತಾನೇ ಆಡಿದ ಮಾತಿನ ಬಗ್ಗೆ ಅವಳು ಬಾಯಿ ಬಿಡಲಿಲ್ಲ.

ಅವನು ಒಮ್ಮೆ ಅವಳನ್ನು ನೋಡಿ, ತಲೆ ತಗ್ಗಿಸಿ ಹೊರಟ. ಗೇಟಿನಲ್ಲಿ ಗಾದಿಲಿಂಗ ಕಾದಿದ್ದ. ಕೆಳಗೆ ಬೀಳುವವರೆಗೆ ಹೊಡೆದ. ಹುಲುಗೇಶ್ ಕೈ ಅಡ್ಡ ಹಿಡಿಯಲಿಲ್ಲ. ಕಿಟಕಿಯಿಂದ ಪಂಪಾವತಿ ನೋಡುತ್ತಲೇ ನಿಂತಿದ್ದಳು.

ಅವನ ಕೆಲಸ ಹೋಯಿತು. ಆದರೂ ಆರು ದಿನಕ್ಕೋ ಏಳು ದಿನಕ್ಕೋ ಒಂದು ನಾಯಿ ತಂದು ಶೆಲ್ಟರಿನ ಹೊರಗಿನ ಪಂಜರಕ್ಕೆ ಹಾಕಿ ಹೋಗುತ್ತಿದ್ದ. ಅವನೇ ಕಿವಿ ಕೊಯ್ದಿದ್ದ ಉಳಿದ ನಾಯಿಗಳು. ಲಸಿಕೆ ಇಲ್ಲದೆ, ಲಸಿಕೆಯ ಗುರುತು ಹೊತ್ತು ಓಣಿಗಳಲ್ಲಿ ಓಡಾಡುತ್ತಿದ್ದವು. ಇನ್ನೊಬ್ಬರನ್ನು ಕಚ್ಚಿದರೆ?

ಅವಳು ಅವುಗಳನ್ನು ಕಟ್ಟಿಸಿ, ಲಸಿಕೆ ಹಾಕಿಸಿದಳು. ಅವನೊಂದಿಗೆ ಮಾತಾಡಲಿಲ್ಲ. ಅವನೂ ಮಾತಾಡಿಸಲಿಲ್ಲ.

'ಎಲ್ಲರೂ ಕಿವಿಯ ಬಗ್ಗೆಯೇ ಮಾತಾಡ್ತಿದಾರೆ. ನನ್ನ ಮಾತು ಕೇಳಿದವಳು ಒಬ್ಬಳೇ. ಅವಳು ಮಣ್ಣೊಳಗೆ ಇದ್ದಾಳೆ…'

ಈ ಯೋಚನೆ ಬಂದಾಗ ಮೊದಲು ಸಮಾಧಾನವಾಯಿತು. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

ಎರಡು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಅವಳು ಗಾದಿಲಿಂಗನ ಮನೆಗೆ ಹೋದಳು. ಅವನು ಗಣಿಯ ಲಾರಿ ಓಡಿಸುವವನು, ಅಂದು ರಜೆಯಲ್ಲಿದ್ದ.

"ಬರ್ರಿ, ಕುಂದ್ರಿ," ಎಂದ.

ಅವಳು ಕೂರಲಿಲ್ಲ.

"ನಿಮ್ಮವ್ವಗ ಇಂಜೆಕ್ಷನ್ ಬ್ಯಾಡ ಅಂದಾಕಿ ನಾನು."

ಗಾದಿಲಿಂಗನಿಗೆ ಅರ್ಥವಾಗಲಿಲ್ಲ. "ಅದನ್ನ ಹೇಳಿದಾವ ಹುಲುಗೇಶ ಅಲ್ಲೇನು? ದವಾಖಾನ್ಯಾಗ ಅವ್ವ 'ಸೂಜಿ ಬ್ಯಾಡ ಅಂದ್ರು, ಬ್ಯಾಡ ಅಂದ್ರು' ಅಂತಿದ್ಲು. ಯಾರು ಅಂದ್ರು ಅಂತ ನಾ ಕೇಳಿದೆ. ಅವ, 'ನಾನ ಅಂದಿದ್ದೆ' ಅಂದ. ನಾ ಹೊಡದದ್ದು ಆ ಮಾತಿಗೆ. ಕಿವಿಗಲ್ಲ."

ಪಂಪಾವತಿ ಅಲ್ಲವೆಂದು ತಲೆಯಾಡಿಸಿದಳು.

"ಅವತ್ತು ಅವರು ಕಂಪ್ಲಿಯಾಗಿದ್ರು. ಹೇಳಿದಾಕಿ ನಾನು. ಅಡಗಿಗೆ ಬ್ಯಾರೆ ಯಾರೂ ಇರಲಿಲ್ಲ, ಅದಕ್ಕ."

ಗಾದಿಲಿಂಗ ಬಾಗಿಲು ಪೂರ್ತಿ ತೆರೆದ.

"ಅಡಗಿಗೆ," ಎಂದ. "ನಿಮ್ಮ ನಾಯಿಗೆ ಹೊತ್ತಾತು ಅಂತ ನಮ್ಮವ್ವ ನನಗ ಬುತ್ತಿ ಕಟ್ಟದ ಓಡತಿದ್ಲು. ಇಲ್ಲಿಂದ ಹೋಗ್ರಿ. ಇನ್ನೊಮ್ಮೆ ಈ ಬಾಗಲಕ್ಕ ಬರಬ್ಯಾಡ್ರಿ."

ಅವಳು ಅಳಲಿಲ್ಲ. ಅಳುವ ಹಕ್ಕು ಆ ಮನೆಯವರದು ಎನ್ನಿಸಿತು.

ಅಂದೇ ಸಂಜೆ ಅವಳು ಹುಡುಕಿಕೊಂಡು ಹೋದಾಗ ಹುಲುಗೇಶ್ ಸಂಡೂರು ರಸ್ತೆಯ ಒಂದು ಮೋರಿಯ ಹತ್ತಿರ ಕೂತಿದ್ದ. ಮೋರಿಯೊಳಗೆ ಅವನು ಕಿವಿ ಕೊಯ್ದ ಹನ್ನೊಂದನೆಯ, ಕೊನೆಯ ನಾಯಿ ಇತ್ತು. ಅದಿರಿನ ಲಾರಿಗಳು ಹೋದ ಹಾಗೆಲ್ಲ ಕೆಂಪು ಧೂಳು ಅವನ ಮೇಲೆ ಬೀಳುತ್ತಿತ್ತು. ಎರಡು ತಿಂಗಳಲ್ಲಿ ಅವನು ಇಳಿದುಹೋಗಿದ್ದ. ಎಡಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು.

"ಗಾದಿಲಿಂಗಗ ಹೇಳಿ ಬಂದೆ," ಎಂದಳು.

ಅವನು ತಟ್ಟನೆ ಎದ್ದ. "ಯಾಕ ಹೇಳಿದ್ರಿ!"

"ನೀವು ಯಾಕ ಸುಳ್ಳು ಹೇಳಿದ್ರಿ?"

"ತಿಪ್ಪಕ್ಕ ನನ್ನ ಮುಂದ ನಿಮ್ಮ ಹೆಸರು ಹೇಳಿದ್ಲು. ಮಗನ ಕಿವಿಗೆ ಬಿದ್ರ ಅವತ್ತ ಶೆಲ್ಟರಿಗೆ ಬೆಂಕಿ ಹಚ್ಚತಿದ್ದ."

"ಶೆಲ್ಟರ್ ಸಲುವಾಗಿ?"

"ನಿಮ್ಮ ಸಲುವಾಗಿ. ಗೊತ್ತಿದ್ದೂ ಕೇಳತೀರಲ್ಲ!"

"ಗೊತ್ತಿರಲಿಲ್ಲ. ಗೊತ್ತಿದ್ರ ನಿಮಗ ಹೊಡಿಯೋದನ್ನ ಕಿಟಕ್ಯಾಗ ನಿಂತು ನೋಡತಿದ್ದೆನೇನು…" ಅವಳು ಅವನ ಹುಬ್ಬಿನ ಗುರುತು ನೋಡಿದಳು. "ಇಲ್ಲ… ನೋಡತಿದ್ದೆನೋ ಏನೋ. ನಾ ಅಂಥಾಕೀನ ಆಗಿದ್ದೆ."

"ಕಿವಿ ಕೊಯ್ದಾವ ನಾನು."

"ಬ್ಯಾಡ ಅಂದಾಕಿ ನಾನು."

"ಹಂಗಾದ್ರ ಇಬ್ರೂ ಸೇರಿ ಕೊಂದ್ವಿ."

ಅಷ್ಟು ದಿನ ಇಬ್ಬರೂ ಬೇರೆಬೇರೆಯಾಗಿ ನುಂಗಿಕೊಂಡಿದ್ದ ಮಾತು ಹೊರಬಿತ್ತು. ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. ಪಂಪಾವತಿ ಅವನ ಪಕ್ಕದಲ್ಲಿ, ಧೂಳಿನಲ್ಲೇ ಕೂತಳು. ಅವನ ಕೈ ಹಿಡಿದಳು.

"ನಾಳೆ ನಮ್ಮ ಮನಿಗೆ ಬಾ, ಹುಲುಗೇಶ. ನಮ್ಮವ್ವಗ ಎಲ್ಲಾ ಹೇಳೋಣು."

"ಎಲ್ಲಾ ಅಂದ್ರ?"

"ತಿಪ್ಪಕ್ಕಂದು. ಆಮ್ಯಾಲ ನಮ್ಮಿಬ್ರದು. ನಿನ್ನ ಬಿಟ್ಟು ಇರಾಕ ಆಗಂಗಿಲ್ಲ ನನಗ."

ಅವನು ಮುಖ ತಿರುಗಿಸಿ, ತೋಳಿನಿಂದ ಕಣ್ಣೊರೆಸಿಕೊಂಡ. ಕೆನ್ನೆಯ ಮೇಲೆ ಕೆಂಪು ಮಣ್ಣು ಬಳಿದುಕೊಂಡಿತು.

"ಮೊದಲು ನಮ್ಮದು ಹೇಳಿದ್ರ ಆಗಂಗಿಲ್ಲೇನು? ತಿಪ್ಪಕ್ಕಂದು ಕೇಳಿದ ಮ್ಯಾಲ ನಿಮ್ಮವ್ವ ನನ್ನ ಒಳಗ ಬಿಟ್ಟಾಳೇನು?"

"ಬಿಡದಿದ್ರ ಇಬ್ರೂ ಹೊರಗ ಇರೋಣು. ಮೊದಲು ತಿಪ್ಪಕ್ಕಂದು."

ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಹೂಂ. ಮೊದಲು ತಿಪ್ಪಕ್ಕಂದು."