ಕೌಂಟ್ ಹಾರ್ಟ್‌ವಿನ್‌ಗೆ ಬಿಟ್ಟ ನೀರು

"ಅದನ್ನ ಮಾತ್ರ ತಮಾಷೆಗೂ ಮಾಡ್ಬೇಡ ಕಣಯ್ಯ," ಎಂದರು ದ್ವಾರಕಾನಾಥ್. "ಕೊನೇಲಿ ದಿಕ್ಕಿಲ್ಲದೋರಿಗೆ ಅಂತ ವಸ್ತ್ರ ಹಿಂಡ್ತೀವಲ್ಲ, ಅದರಲ್ಲಿ ಅವನಿಗೂ ಒಂದು ಹನಿ ಸೇರುತ್ತೆ. ಹೆಸರು ಹಿಡಿದು ಕರೀಬೇಡ."

"ಸತ್ತು ಏಳುನೂರು ವರ್ಷ ಆಯ್ತು ಸಾರ್. ಅದೂ ಜರ್ಮನಿಯವನು. ಸಂಸ್ಕೃತದಲ್ಲಿ ಕರೆದ್ರೆ ಬರೋಕೆ ಅವನೇನು ಮೈಸೂರಿನ ಪಾಠಶಾಲೇಲಿ ಓದಿದ್ನಾ?" ಹಯವದನ ನಕ್ಕ.

ಅದು ಎಪ್ಪತ್ತೈದರ ಮಹಾಲಯ ಅಮಾವಾಸ್ಯೆ, ಭಾನುವಾರ. ಫಾರ್ಮಿಂಗ್ಟನ್ ಹಿಲ್ಸ್‌ನ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಇಬ್ಬರೂ ದಕ್ಷಿಣಕ್ಕೆ ಮುಖ ಮಾಡಿ ತರ್ಪಣಕ್ಕೆ ಕುಳಿತಿದ್ದರು. ಮೈಸೂರಿನ ಪರಿಚಯದ ದ್ವಾರಕಾನಾಥ್ ದಂಪತಿಗಳು ಹಿಂದಿನ ದಿನವಷ್ಟೇ ಲೊಂಬಾರ್ಡ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹಬ್ಬಕ್ಕಾಗಲಿ ತಿಥಿಗಾಗಲಿ ಇನ್ನೊಬ್ಬರ ಮನೆಗೆ ಹೋಗುವುದು ಅವರಿಗೆ ರೂಢಿಯಾಗಿತ್ತು.

ಎದುರಿನ ಗೋಡೆಯ ಮೇಲೆ ದೊಡ್ಡ ಹಾಳೆಯೊಂದು ತೂಗುತ್ತಿತ್ತು. ಹಯವದನ ಈ ದೇಶಕ್ಕೆ ಬಂದು ಒಂಬತ್ತು ತಿಂಗಳು. ವಾರವಿಡೀ ಕಾರಿನ ಬಾಗಿಲುಗಳ ನಕ್ಷೆ ಬರೆದು ಕಣ್ಣು ಕೆಂಪಾಗಿಸಿಕೊಂಡು, ಶನಿವಾರ ಭಾನುವಾರ ಇದನ್ನು ಬರೆಯುತ್ತಿದ್ದ. ಊರಿನ ಶ್ರೀಮಂತನೊಬ್ಬ ರೈನ್ ನದಿಯ ದಡದ ಹಾಳು ಪ್ರಾರ್ಥನಾ ಮಂದಿರವನ್ನು ಕಲ್ಲು ಕಲ್ಲಾಗಿ ಹಡಗಿನಲ್ಲಿ ತರಿಸಿ ತನ್ನ ತೋಟದಲ್ಲಿ ನಿಲ್ಲಿಸಿದ್ದ. ಅದರೊಳಗೆ ಕಲ್ಲಿನ ಪ್ರತಿಮೆ ಮಲಗಿಸಿದ್ದ ಸಮಾಧಿಯ ಪಕ್ಕ ತೂಗಹಾಕಲು ಅಲ್ಲಿ ಹೂತಿದ್ದ ಕೌಂಟ್ ಹಾರ್ಟ್‌ವಿನ್‌ನ ವಂಶವೃಕ್ಷ ಬೇಕಾಗಿತ್ತು.

ಹಾರ್ಟ್‌ವಿನ್‌ನ ಬದುಕು ಹಯವದನನಿಗೆ ಈಗ ಬಾಯಿಪಾಠ. ಎರಡು ಮದುವೆ, ನಾಲ್ಕು ಗಂಡುಮಕ್ಕಳು, ಒಂದು ಕೋಟೆ. ಬರಗಾಲದ ಬೇಸಿಗೆಯೊಂದರಲ್ಲಿ ಅವನು ಕೋಟೆಯ ಬಾವಿಗೆ ಬೀಗ ಹಾಕಿಸಿದ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ಮೂರು ದಿನ ಕೂತಳು. ಮೂರನೆಯ ದಿನ ಮಗು ಸತ್ತಿತು. ಅವಳು ಬಾವಿಯ ಕಡೆ ಮುಖ ಮಾಡಿ, ಹಾರ್ಟ್‌ವಿನ್, ನಿನ್ನ ವಂಶದ ಗಂಡುಮಕ್ಕಳ ಗಂಟಲಲ್ಲಿ ನೀರು ಇಳಿಯದಿರಲಿ, ಸತ್ತಮೇಲೆ ನಿನಗೆ ನೀರು ಬಿಡುವವನೊಬ್ಬನೂ ಉಳಿಯದಿರಲಿ ಎಂದಳು. ನಾಲ್ಕು ಮಕ್ಕಳೂ ಒಬ್ಬರ ಹಿಂದೊಬ್ಬರು, ಬಾಯಾರಿಕೆ ಹತ್ತಿ ಮೂರು ದಿನ ತುಂಬುವ ಹೊತ್ತಿಗೆ, ತುಂಬಿದ ಹೂಜಿಯ ಪಕ್ಕದಲ್ಲೇ ಒಣಗಿ ಹೋದರು. ಹಾರ್ಟ್‌ವಿನ್ ಮಾತ್ರ ಎಂಬತ್ತು ವರ್ಷ ಬದುಕಿದ.

ತಂದೆ, ತಾತ, ಮುತ್ತಾತನ ತರ್ಪಣ ಮುಗಿಯಿತು. ಹಯವದನನ ಅಂಗೈಯಲ್ಲಿ ಇನ್ನೂ ಒಂದು ಚಿಟಿಕೆ ಎಳ್ಳು ಅಂಟಿತ್ತು. ಬೆನ್ನು ನೋಯುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಪಾಪದ ಮುದುಕ ಅನ್ನಿಸಿತೋ, ದ್ವಾರಕಾನಾಥರನ್ನು ಕೆಣಕೋಣ ಅನ್ನಿಸಿತೋ, ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಗೋಡೆಯ ಹಾಳೆ ನೋಡಿಕೊಂಡೇ ರಾಗವಾಗಿ ಹೇಳಿದ: "ಅಸ್ಮತ್ ಪಿತರಂ, ಕಾಶ್ಯಪ ಗೋತ್ರಂ, ಹಾರ್ಟ್‌ವಿನ್ ಶರ್ಮಾಣಂ..."

ಮೂರು ಸಲ ನೀರು ಬಿಟ್ಟ.

ದ್ವಾರಕಾನಾಥರ ಕೈಯ ಉದ್ಧರಣೆ ಕೆಳಗೆ ಬಿತ್ತು. "ನಿನ್ನ ಗೋತ್ರ ಹೇಳಿ, ಅವನನ್ನ ಅಪ್ಪ ಅಂದ್ಯಲ್ಲೋ!"

ಹಯವದನ ನಗಲು ಬಾಯಿ ತೆರೆದ. ಮೂಗಿಗೆ ಹಸಿ ಕಲ್ಲಿನ ವಾಸನೆ ಬಡಿಯಿತು. ಅದರ ಹಿಂದೆಯೇ ಆರಿದ ಮೇಣದಬತ್ತಿಯ ಕಮಟು. ಹರಿವಾಣದಲ್ಲಿ ಬೊಗಸೆಯಷ್ಟು ನೀರಿದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಈಗ ಅಲ್ಲಿ ಎಳ್ಳು ಮಾತ್ರ ಇತ್ತು, ಬಿಸಿಲಿಗೆ ಹಾಕಿದಂತೆ ಒಣಗಿಕೊಂಡು.

ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಗಳ ಸದ್ದಾಯಿತು. ಐದು ವರ್ಷದ ಕೇಶವ್ ಇಣುಕಿದ.

"ಡ್ಯಾಡಿ, ಐ ಆಮ್ ಥರ್ಸ್ಟಿ."

ಕುಡಿಸಿದ ನೀರೆಲ್ಲ ಬಾಯಿಂದ ಹಾಗೇ ಹೊರಗೆ ಹರಿಯಿತು. ವಾಂತಿಯಲ್ಲ, ಗಂಟಲಿಗೆ ಬಾಗಿಲು ಹಾಕಿದಂತೆ ಇಳಿಯದೆ ಹಿಂದಿರುಗುತ್ತಿತ್ತು. ಸಂಜೆ ಆಸ್ಪತ್ರೆಗೆ ಸೇರಿಸಿದರು. ಗಂಟಲಲ್ಲಿ ಏನೂ ಅಡ್ಡಿಯಿಲ್ಲ ಎಂದರು ಡಾಕ್ಟರು. ತೋಳಿಗೆ ಚುಚ್ಚಿದ ಸಲೈನ್ ಹನಿಹನಿಯಾಗಿ ಒಳಗೆ ಹೋಗುತ್ತಿತ್ತು. ಸೂಜಿಯ ಬುಡದಿಂದ ಹನಿಹನಿಯಾಗಿಯೇ ಹೊರಬಂದು ಹಾಸಿಗೆ ತೋಯುತ್ತಿತ್ತು. ನರ್ಸ್ ಮೂರು ಸಲ ಹಾಸಿಗೆ ಬದಲಿಸಿದಳು. ಮಗುವಿನ ತುಟಿ ಸೀಳುಬಿಟ್ಟಿತು.

ಮಂಗಳವಾರ ಮಧ್ಯಾಹ್ನ ಬಟ್ಟೆ ತರಲೆಂದು ಹಯವದನ ಮನೆಗೆ ಬಂದ. ಎರಡು ದಿನದಿಂದ ನಿದ್ದೆಯಿಲ್ಲದೆ ಕಾಲುಗಳು ತನ್ನವಲ್ಲ ಅನ್ನಿಸುತ್ತಿತ್ತು. ಬೀಗ ತೆಗೆದರೆ ಕೆಳಗಿನಿಂದ ಸದ್ದು. ಗುಟುಕ್. ಗುಟುಕ್. ಯಾರೋ ನೀರು ಕುಡಿಯುತ್ತಿದ್ದಾರೆ.

ಮೆಟ್ಟಿಲಿಳಿದ. ಕಿಟಕಿಯಲ್ಲಿ ಬೂದು ಬೆಳಕು. ಹರಿವಾಣದ ಮುಂದೆ ಯಾರೋ ಕೂತಿದ್ದರು. ಸಮಾಧಿಯ ಮೇಲೆ ಮಲಗಿಸಿದ್ದ ಅದೇ ಕಲ್ಲಿನ ಮುಖ. ಸವೆದ ಮೂಗು. ತುಟಿ ಮಾತ್ರ ಕಲ್ಲಲ್ಲ. ತುಟಿ ಒದ್ದೆ. ಕೆಂಪು. ಮಗುವಿನ ತುಟಿಯಷ್ಟು ಮೃದು.

ಅದು ತಲೆಯೆತ್ತಿತು. ಯಾವ ಭಾಷೆಯೋ. ಅರ್ಥ ಮಾತ್ರ ಎದೆಗೆ ಬಂದು ನಿಂತಿತು.

ಮಗನೇ. ಇನ್ನಷ್ಟು.

ಬಟ್ಟೆ ಮರೆತುಹೋಯಿತು. ಓಡಿದ.

ಆಸ್ಪತ್ರೆಯ ಕಾರಿಡಾರಿನಲ್ಲಿ ದ್ವಾರಕಾನಾಥರ ಮುಂದೆ ಕುಸಿದು ಕೂತ. "ವಾಪಸ್ ತಗೋಳೋಕೆ ಏನಾದ್ರೂ ಇದೆಯಾ ಸಾರ್?"

"ಬಿಟ್ಟ ನೀರನ್ನ ಎತ್ತೋಕಾಗಲ್ಲ," ಎಂದರು ಅವರು. ಅವರ ದನಿಯೂ ಸೋತಿತ್ತು. "ನೀನು ಆ ವಂಶಕ್ಕೆ ಸೇರಿಬಿಟ್ಟೆ. ನೀರು ಬಿಡೋಕೆ ಬೇಕು ಅಂತ ಅವನು ನಿನ್ನನ್ನ ಉಳಿಸ್ಕೊಂಡಿದಾನೆ, ಶಾಪ ಮಗೂಗೆ ಇಳೀತು. ಮಗೂನ ನಿನ್ನ ವಂಶದಿಂದ ಆಚೆ ತರಬಹುದು, ಅಷ್ಟೇ. ದತ್ತು ಕೊಟ್ಟರೆ ಗೋತ್ರ ಬೇರೆ, ಅಪ್ಪ ಬೇರೆ."

"ಇರೋ ಒಬ್ಬನನ್ನ ಕೊಡಬಾರದು ಅಂತ ಶಾಸ್ತ್ರ ಅಲ್ವಾ?"

"ಶಾಸ್ತ್ರದ ಮಾತು ನೀನಾಡ್ತೀಯಾ?" ಅವರು ಮುಖ ತಿರುಗಿಸಿದರು. "ಯಾರಿಗೆ ಕೊಡ್ತೀಯೋ ಕೊಡು. ನಾನಾಗಿ ಕೇಳಿದೆ ಅಂತ ಮಾತ್ರ ಆಗೋದು ಬೇಡ. ಇನ್ನೊಂದು ತಿಳ್ಕೊ. ಕೊಟ್ಟಮೇಲೆ ಕೊಟ್ಟಿದ್ದೇ. ಅವನು ಅಪ್ಪಾ ಅಂದಾಗ ನೀನು ಒಂದೇ ಒಂದು ಸಲ ಓಗೊಟ್ರೂ ಆ ಶಾಪದ ಕಟ್ಟು ಮತ್ತೆ ಅವನ ಮೇಲೆ ಬಂದು ಬೀಳುತ್ತೆ."

ಹಯವದನನ ಹೆಂಡತಿ ಪದ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅಳಲಿಲ್ಲ. "ಒಂಬತ್ತು ತಿಂಗಳು ಹೊತ್ತಿದ್ದು ನಾನು. ತಮಾಷೆ ಮಾಡಿದ್ದು ನೀವು," ಎಂದಳು. ಒಳಗೆ ಹೋಗಿ, ಕಾಗದದಂತೆ ಹಗುರಾಗಿದ್ದ ಮಗುವನ್ನು ನಳಿಕೆಗಳ ಸಮೇತ ಎತ್ತಿ ದ್ವಾರಕಾನಾಥರ ಹೆಂಡತಿ ಅನಸೂಯಮ್ಮನ ಮಡಿಲಲ್ಲಿ ಮಲಗಿಸಿದಳು.

ಬುಧವಾರ ಬೆಳಿಗ್ಗೆ. ಹನ್ನೊಂದೂವರೆ. ಬಾಯಾರಿಕೆಗೆ ಮೂರು ದಿನ ತುಂಬುತ್ತಿತ್ತು. ಕೋಣೆಯಲ್ಲಿ ಹಸಿ ಕಲ್ಲಿನ ವಾಸನೆ. ಕೇಶವನ ಉಸಿರು ಕೆರೆಯುತ್ತಿತ್ತು. ಹಯವದನ ಪೇಪರ್ ಕಪ್ಪಿನಲ್ಲಿ ನೀರು ಹಿಡಿದ. ಗೋತ್ರ ಹೇಳಿದ. ನಾಲಗೆ ಹೊರಳಲಿಲ್ಲ. ಮತ್ತೆ ಹೇಳಿದ. ಇವನು ನನ್ನವನಲ್ಲ, ನಿಮ್ಮವನು. ದ್ವಾರಕಾನಾಥರ ಅಂಗೈಗೆ ನೀರು ಬಿತ್ತು. ಬಾಗಿಲ ಹೊರಗೆ ಕಲ್ಲು ಎಳೆದಂಥ ಸದ್ದು. ಹತ್ತಿರ. ಇನ್ನೂ ಹತ್ತಿರ. ಅನಸೂಯಮ್ಮ ಮಗುವಿನ ತುಟಿಗೆ ಚಮಚ ಇಟ್ಟರು. ನೀರು ಬಾಯೊಳಗೆ ನಿಂತಿತು.

ಮಗು ನುಂಗಿತು.

ಶನಿವಾರ ದ್ವಾರಕಾನಾಥರ ಕಾರು ಮನೆಯ ಮುಂದೆ ನಿಂತಿತ್ತು. ಕೇಶವನಿಗೆ ಶಿಕಾಗೋ ನೋಡುವ ಸಂಭ್ರಮ. ಜ್ಯೂಸಿನ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದ. ಪದ್ಮ ಬೆಲ್ಟ್ ಬಿಗಿದಳು, ಸಡಿಲಿಸಿದಳು, ಮತ್ತೆ ಬಿಗಿದಳು.

"ಡ್ಯಾಡಿ, ಆರ್ ಯು ಕಮಿಂಗ್?"

ಹಯವದನ ಹುಲ್ಲು ನೋಡುತ್ತಾ ನಿಂತ.

"ಡ್ಯಾಡಿ?"

ಹಲ್ಲು ಕಚ್ಚಿದ. ಸ್ಟೀರಿಂಗ್ ಹಿಡಿದಿದ್ದ ದ್ವಾರಕಾನಾಥರು ಕನ್ನಡಿಯಲ್ಲಿ ಮಗುವನ್ನು ನೋಡಿದರು. ತಪ್ಪು ಮಾಡುವವರಂತೆ ಮೆಲ್ಲಗೆ, "ಇಲ್ಲೇ ಇದೀನಿ ಪುಟ್ಟಾ," ಎಂದರು.

ಕೇಶವ್ ಅವರನ್ನು ನೋಡಿದ, ಇವನನ್ನು ನೋಡಿದ, ಕೊನೆಗೆ ತಾಯಿಯನ್ನು ನೋಡಿದ. ಪದ್ಮ ಅವನ ಕೆದರಿದ ಕೂದಲು ಸರಿಮಾಡಿದಳು.

"ಅಂಕಲ್‌ಗೆ ಬೈ ಹೇಳು."

ಮಗು ಜ್ಯೂಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟು ಕೈ ಬೀಸಿತು.

"ಬೈ, ಅಂಕಲ್."

"ಬೈ," ಎಂದ ಹಯವದನ. ಅದೊಂದಕ್ಕೆ ಅವನು ಓಗೊಡಬಹುದಾಗಿತ್ತು.