ಬೆನ್ನ ಹಿಂದಿನ ಕೈ

ಮುಂದೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಆಸಾಮಿ ಬಲಗೈಯನ್ನು ಬೆನ್ನ ಹಿಂದೆ ತಂದು ಬೀಸಿದ. ನೊಣ ಓಡಿಸುವ ಹಾಗೆ, ಎರಡೆರಡು ಸಲ. ತಿರುಗಿ ನೋಡುವ ಸೌಜನ್ಯವೂ ಇಲ್ಲ.

ಭವ್ಯಶ್ರೀಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ಆಚೆ ಸರಿ ಅಂತಲಾ? ನನಗಾ?

ನಲವತ್ತು ವರ್ಷ ಸರಿದದ್ದು ಸಾಲದೇ! ಅಣ್ಣನ ಮದುವೆ ಮೊದಲಾಗಲಿ ಎಂದಾಗ ಸರಿದಿದ್ದಳು. ಅತ್ತಿಗೆಯ ಬಾಣಂತನಕ್ಕೆ ಜನ ಬೇಕು ಎಂದಾಗ ಮತ್ತೆ ಸರಿದಿದ್ದಳು. ಬಂದ ಸಂಬಂಧಗಳು ಒಂದೊಂದಾಗಿ ಬೇರೆ ಮನೆಗಳ ದಾರಿ ಹಿಡಿದಾಗ, ಇನ್ನು ಇವಳಿಗೆ ವಯಸ್ಸಾಯಿತು ಎಂದು ಎಲ್ಲರೂ ನಿಶ್ಚಿಂತರಾಗಿದ್ದರು. ಈಗ ಕೊಲ್ಲಿ ನಾಡಿನ ಈ ಅಲ್ ಕುದ್ರಾದ ಮರುಭೂಮಿಯಲ್ಲಿ, ಇಷ್ಟಗಲ ಆಕಾಶದ ಕೆಳಗೂ, ಯಾರೋ ಒಬ್ಬ ಬೆನ್ನು ತೋರಿಸಿಕೊಂಡೇ ಸರಿ ಅನ್ನುತ್ತಾನೆ.

ಅವಳು ಸರಿಯಲಿಲ್ಲ. ಹ್ಯಾಂಡಲ್ ಬಿಗಿಯಾಗಿ ಹಿಡಿದು ನೇರ ಹೋದಳು.

ಮರುಕ್ಷಣ ಮುಂದಿನ ಚಕ್ರ ಮೆತ್ತಗೆ ಹೂತುಕೊಂಡಿತು. ರಾತ್ರಿಯ ಗಾಳಿ ಸೈಕಲ್ ದಾರಿಗೆ ತಂದು ಸುರಿದಿದ್ದ ಮರಳಿನ ಮೇಲೆ ಅವಳೂ ಅವಳ ಬಾಡಿಗೆ ಸೈಕಲ್ಲೂ ಅಕ್ಕಪಕ್ಕ ಮಲಗಿಬಿಟ್ಟವು.

“ಹಲೋ! ಆರ್ ಯೂ ಓಕೆ?” ಅವನು ಸೈಕಲ್ ಬಿಟ್ಟು ಓಡಿ ಬಂದ.

“ನಿಕ್ಕ್ ಮಂಡೆ ಸಮ ಇಜ್ಜಾ?” ತಲೆ ಸರಿ ಇಲ್ಲವಾ ನಿನಗೆ ಎಂದು ಅವಳು ಬೈದದ್ದು ಅಪ್ಪಟ ತುಳುವಿನಲ್ಲಿ. ಇಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ.

ಅವನು ತನ್ನ ಹೆಲ್ಮೆಟ್ಟನ್ನು ಬೆರಳಿಂದ ಕುಟ್ಟಿ ತೋರಿಸಿದ. “ಮಂಡೆ ಸರಿಯೇ ಇದೆ, ಕಾಣಿ. ನಂದು ಕುಂದಾಪುರ. ತುಳು ಮಾತಾಡ್ಲಿಕ್ಕೆ ಬರೂದಿಲ್ಲ, ಬೈದ್ರೆ ಮಾತ್ರ ಪೂರಾ ಅರ್ಥ ಆಗ್ತದೆ.”

“ಹಾಗಾದ್ರೆ ಇದೂ ಅರ್ಥ ಮಾಡ್ಕೊಳ್ಳಿ. ದಾರಿ ನಿಮ್ಮಪ್ಪಂದಲ್ಲ. ನನ್ನನ್ನು ಆಚೆ ಹೋಗು ಅನ್ಲಿಕ್ಕೆ ನೀವ್ಯಾರು?”

ಅವನು ಕಣ್ಣು ಮಿಟುಕಿಸಿದ. ಅವಳನ್ನು ನೋಡಿದ, ಮರಳನ್ನು ನೋಡಿದ, ತನ್ನ ಬಲಗೈಯನ್ನು ನೋಡಿಕೊಂಡ. ಆಮೇಲೆ ನಗು ತಡೆಯಲಾರದೆ ತುಟಿ ಕಚ್ಚಿದ.

“ಮೇಡಂ, ಅದು ಸಿಗ್ನಲ್. ಮುಂದೆ ತೊಂದರೆ ಉಂಟು, ಎಡಕ್ಕೆ ಬನ್ನಿ ಅಂತ ಹಿಂದಿನವ್ರಿಗೆ ಹೇಳೂದು. ಸುಸನ್ ಕಲಿಸ್ಲಿಲ್ವಾ?”

ಕಲಿಸಿದ್ದಳು. ಸೈಕಲ್ ಕ್ಲಬ್ಬಿನ ಮುಂದಾಳು ಸುಸನ್ ಭವ್ಯಶ್ರೀಯ ಆಫೀಸಿನವಳೇ. ಆಫೀಸಿನ ಹಿಂದಿನ ಪಾರ್ಕಿಂಗ್‌ನಲ್ಲಿ ಅವಳಿಗೆ ಸೈಕಲ್ ಕಲಿಸಿ, ‘ಹೊಸಬರಿಗೆ ಒಳ್ಳೇ ಗ್ರೂಪು, ಯಾರನ್ನೂ ಬಿಟ್ಟು ಹೋಗೂದಿಲ್ಲ’ ಎಂದು ಎಳೆದು ತಂದವಳು. ಸನ್ನೆಗಳನ್ನೂ ಹೇಳಿಕೊಟ್ಟಿದ್ದಳು. ಆದರೆ ಸಿಟ್ಟು ಬಂದಾಗ ಪಾಠ ನೆನಪಿರುತ್ತದೆಯೇ?

“ಬಾಯಲ್ಲಿ ಹೇಳ್ಬಹುದಿತ್ತಲ್ಲ,” ಎಂದಳು, ಸೋಲೊಪ್ಪದೆ.

“ಗಾಳಿಗೆ ಕೇಳೂದಿಲ್ಲ,” ಎಂದು ಅವನು ನೀರಿನ ಬಾಟಲಿ ಮುಂದೆ ಹಿಡಿದ. “ನಾನು ರಿತೇಶ್. ಇನ್ನು ಮುಂದೆ ಕೈ ಬೀಸುವ ಮೊದ್ಲು ಅರ್ಜಿ ಹಾಕ್ತೆ.”

ಅವಳ ರೆಪ್ಪೆಯ ಮೇಲೆ ಮರಳಿತ್ತು. ಅವನು ಅದನ್ನೇ ನೋಡುತ್ತಿದ್ದ. ಒರೆಸಲೂ ಆರದೆ, ಹೇಳಲೂ ಆರದೆ ನಿಂತಿದ್ದ. ಅವಳೇ ಒರೆಸಿಕೊಂಡಳು. ತಿರುಗಿ ಸೈಕಲ್ ಹತ್ತುವಾಗ ಮೊಣಕೈ ಉರಿಯುತ್ತಿತ್ತು, ಕೆನ್ನೆ ಅದಕ್ಕಿಂತ ಹೆಚ್ಚು.

ಆಮೇಲಿನ ಶನಿವಾರಗಳಲ್ಲಿ ಅವಳು ಅವನ ಹಿಂದೆಯೇ ಸೈಕಲ್ ತುಳಿದಳು. ಹೊಸಬರು ನುರಿತವರ ಹಿಂದೆ ಹೋಗಬೇಕೆಂಬುದು ಕ್ಲಬ್ಬಿನ ಪದ್ಧತಿ. ಮುಂದಿನವರು ಗಾಳಿಗೆ ಎದೆ ಕೊಡುತ್ತಾರೆ, ಹಿಂದಿನವರಿಗೆ ತುಳಿಯುವುದು ಹಗುರವಾಗುತ್ತದೆ. ಬೆಳಕು ಹರಿಯುವ ಮೊದಲೇ ಹೊರಟರೆ ಅವನ ಸೀಟಿನ ಕೆಳಗಿನ ಕೆಂಪು ದೀಪ ಮಂಜಿನಲ್ಲಿ ಮಿಣಮಿಣ ಎನ್ನುತ್ತಿತ್ತು. ಅದೇ ಅವಳ ದಾರಿ.

ಅವನ ಮುಖಕ್ಕಿಂತ ಬೆನ್ನೇ ಅವಳಿಗೆ ಹೆಚ್ಚು ಪರಿಚಯವಾಯಿತು. ಆ ಬೆನ್ನ ಹಿಂದಿನ ಕೈಗೆ ಮಾತು ಬರುತ್ತಿತ್ತು. ಅಂಗೈ ಕೆಳಗೆ ಮಾಡಿದರೆ ನಿಧಾನ. ಬೆರಳು ತೋರಿಸಿದರೆ ಗುಂಡಿ. ಆಮೇಲೆ ಕ್ಲಬ್ಬಿನ ನಿಯಮದಲ್ಲೆಲ್ಲೂ ಇಲ್ಲದ ಸನ್ನೆಗಳೂ ಶುರುವಾದವು. ಎರಡು ಬೆರಳು ಕೊಂಬಿನಂತೆ ಎತ್ತಿದರೆ, ಬಲಕ್ಕೆ ನೋಡಿ, ಓರಿಕ್ಸ್ ಜಿಂಕೆ ನಿಂತಿದೆ. ಅಂಗೈ ಅರಳಿಸಿದರೆ, ಸೂರ್ಯ ಬಂದ. ಅವಳು ನೋಡುತ್ತಿದ್ದಳು, ಸೂರ್ಯನನ್ನೂ, ಆ ಅಂಗೈಯನ್ನೂ.

“ಅಬುಧಾಬಿಯಲ್ಲಿ ಸೈಕಲ್ ದಾರಿ ಇಲ್ವಾ ನಿಮ್ಗೆ?” ಎಂದು ಒಂದು ದಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಊದುತ್ತಾ ಕೇಳಿದಳು. ಅವನ ಮನೆ ಅಲ್ಲಿನ ಖಲೀಫಾ ಸಿಟಿಯಲ್ಲಿ. “ಅಷ್ಟು ದೂರದಿಂದ ಕಾರು ಓಡಿಸ್ಕೊಂಡು ಬರ್ತೀರಲ್ಲ.”

“ಇದೆ. ಮನೆಗೆ ಹತ್ರಾನೂ ಇದೆ, ಚಂದಾನೂ ಇದೆ.”

“ಮತ್ತೆ?”

“ಅಲ್ಲಿ ನನ್ನನ್ನು ಬಯ್ಯುವವ್ರು ಯಾರೂ ಇಲ್ಲ.”

ಅವಳು ಕಪ್ಪಿನೊಳಗೆ ನೋಡಿದಳು. ಅವನು ಅವಳನ್ನು ನೋಡುತ್ತಿದ್ದಾನೆ ಎಂಬುದು ತಲೆಯೆತ್ತದೆಯೇ ಗೊತ್ತಾಗುತ್ತಿತ್ತು. ಎತ್ತಿದಳು. ಅವನು ಕಣ್ಣು ತೆಗೆಯಲಿಲ್ಲ.

“ಕ್ಲಬ್ಬಿನಲ್ಲಿ ಎಲ್ರೂ ನನ್ನನ್ನು ಭವ್ಯಕ್ಕ ಅಂತಾರೆ,” ಎಂದಳು ಅವಳು. “ನೀವು ನನಗಿಂತ ಆರು ವರ್ಷ ಚಿಕ್ಕವ್ರು. ನಮ್ಮ ಕಡೆಯ ಮರ್ಯಾದೆ ಪ್ರಕಾರ ನೀವೂ ಅಕ್ಕ ಅನ್ಬೇಕು. ಒಂದು ಸಲವೂ ಅನ್ಲಿಲ್ಲ.”

“ನಂಗೊಬ್ಳು ಅಕ್ಕ ಇದ್ದಾಳೆ, ಬ್ರಹ್ಮಾವರದಲ್ಲಿ.” ಅವನ ದನಿ ಈ ಸಲ ತಮಾಷೆಯದ್ದಲ್ಲ. “ಇನ್ನೊಬ್ಳು ಬೇಡ. ನಿಮ್ಮನ್ನು ಅಕ್ಕ ಅಂದ್ರೆ ನಾನು ಸುಳ್ಳು ಹೇಳಿದ ಹಾಗೆ ಆಗ್ತದೆ.”

ಚಹಾ ಆರಿತು. ಇಬ್ಬರೂ ಕುಡಿಯಲಿಲ್ಲ. ಆ ದಿನ ಮನೆಗೆ ಹೋಗುವ ಕಾರಿನಲ್ಲಿ ಭವ್ಯಶ್ರೀ ಒಬ್ಬಳೇ ನಕ್ಕಳು. ಅವಳಿಗೆ ಪ್ರೀತಿಯಾಗಿತ್ತು. ಅದನ್ನು ಬೇರೆ ಹೆಸರಿನಿಂದ ಕರೆಯಲು ಅವಳಿಗೆ ಮನಸ್ಸೂ ಇರಲಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಕ್ಲಬ್ಬಿನ ಫೋಟೋ. ಅದು ಯಾರ ಫೋನಿಂದ ಯಾರ ಫೋನಿಗೆ ಹಾರಿತೋ, ಕೊನೆಗೆ ಊರಿನವರ ಸಂಘದ ವಾಟ್ಸಾಪ್ ಗುಂಪಿಗೆ ಬಂದು ಬಿತ್ತು. ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು. ಭವ್ಯಶ್ರೀ ರಿತೇಶನನ್ನು ನೋಡುತ್ತಿದ್ದಳು.

ಅಣ್ಣ-ಅತ್ತಿಗೆಯ ಜೊತೆ ಅವಳಿದ್ದ ಅಲ್ ಮುರಕ್ಕಬಾತಿನ ಫ್ಲ್ಯಾಟಿನಲ್ಲಿ ಅಣ್ಣ ಧರ್ಮಪಾಲ ಫೋನನ್ನು ಊಟದ ಮೇಜಿನ ಮೇಲೆ ಕುಕ್ಕಿದ. “ಇದೆಂತದು? ಸಂಘದ ಅರ್ಧ ಜನ ಫೋನ್ ಮಾಡಿ ಆಯ್ತು.”

“ಇನ್ನರ್ಧ ಜನ ಮಲಗಿರ್ಬೇಕು.”

“ತಮಾಷೆ ಮಾಡ್ಬೇಡ ಭವ್ಯ. ನಿನ್ನ ವಯಸ್ಸೆಷ್ಟು, ಅವಂದೆಷ್ಟು? ಈ ಪ್ರಾಯದಲ್ಲಿ ಬಿಗಿ ಬಟ್ಟೆ ಹಾಕಿ ಸೈಕಲ್ ಬಿಡೂದು ಬೇರೆ. ನಾನು ಸಂಘದಲ್ಲಿ ತಲೆಯೆತ್ತಿ ಕೂತ್ಕೊಳ್ಳೂದು ಬೇಡ್ವಾ?”

“ನೀನು ಸೈಕಲ್ ಕಲಿಯುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡಿದವಳು ಯಾರು ಅಣ್ಣ?” ಅವಳು ಫೋನನ್ನು ಅವನ ಕಡೆಗೇ ತಳ್ಳಿದಳು. “ನನ್ನ ಸರದಿ ಯಾವಾಗ ಅಂತ ಕೇಳಿದ್ರೆ ಹೆಣ್ಮಕ್ಕಳಿಗೆ ಯಾಕೆ ಅಂದ್ರಿ. ಆಗ ಹೆಣ್ಣು, ಈಗ ಮುದುಕಿ. ನಡುವೆ ನಂಗೆ ಅಂತ ಒಂದು ಪ್ರಾಯ ಇತ್ತಾ, ಇಲ್ವಾ?”

ಅತ್ತಿಗೆ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಳು.

“ಶನಿವಾರ ಮಕ್ಕಳನ್ನು ಯಾರು ನೋಡ್ಲಿಕ್ಕೆ?” ಧರ್ಮಪಾಲ ಬೇರೆ ದಾರಿ ಹಿಡಿದ.

“ಮಕ್ಕಳಿಗೆ ಅಪ್ಪ ಇದ್ದಾನಲ್ಲ.”

“ಊರಿಗೆ ಕಳಿಸಿಬಿಡ್ತೇನೆ!”

“ನನ್ನ ವೀಸಾ ನನ್ನ ಕಂಪನಿಯದ್ದು. ಕಳಿಸ್ಲಿಕ್ಕೆ ನಿನ್ನಿಂದ ಆಗೂದಿಲ್ಲ. ಖಲಾಸ್.”

“ಆಯ್ತು. ಈ ಶನಿವಾರ ನಾನೇ ಅಲ್ಲಿಗೆ ಬರ್ತೇನೆ. ಅವನ ಮುಖ ನೋಡೇ ಬಿಡ್ತೇನೆ.”

“ಬಾ,” ಎಂದಳು ಭವ್ಯಶ್ರೀ. “ಬೇಗ ಏಳ್ಬೇಕಾಗ್ತದೆ.”

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಅಣ್ಣನ ಹೆದರಿಕೆ ಅವಳಿಗಿಲ್ಲ. ಇದ್ದದ್ದು ಒಂದೇ ಹೆದರಿಕೆ. ಈ ಗಲಾಟೆ ಕಂಡು ರಿತೇಶನೇ ಹಿಂದೆ ಸರಿದುಬಿಟ್ಟರೆ? ನಿಮ್ಮ ಒಳ್ಳೆಯದಕ್ಕೇ ಎಂದು ಹೇಳಿ ಹೋಗಿಬಿಟ್ಟರೆ? ಅವಳ ಬಾಳಿನಲ್ಲಿ ಆದದ್ದೆಲ್ಲ ಅವಳ ಒಳ್ಳೆಯದಕ್ಕೇ ಆಗಿತ್ತು.

ಶನಿವಾರ ಹೊರಡುವ ಮೊದಲು ಅವನಿಗೆ ಹೇಳಿದಳು. “ಇವತ್ತು ನನ್ನ ಅಣ್ಣ ಬರ್ತಾನೆ. ನಿಮ್ಮನ್ನು ನೋಡ್ಲಿಕ್ಕೆ. ಸಿಟ್ಟಿನಲ್ಲಿದ್ದಾನೆ.”

ರಿತೇಶ್ ಹೆಲ್ಮೆಟ್ಟಿನ ಪಟ್ಟಿಯನ್ನು ಬೇಕಿಲ್ಲದಿದ್ದರೂ ಬಿಗಿ ಮಾಡಿದ. “ಹೌದಾ,” ಎಂದ ಅಷ್ಟೇ.

ಆ ದಿನ ದಾರಿಯುದ್ದಕ್ಕೂ ಬೆನ್ನ ಹಿಂದಿನ ಕೈ ಮೌನವಾಗಿತ್ತು. ಓರಿಕ್ಸ್ ಹಿಂಡು ಕಂಡರೂ ಕೊಂಬು ಏಳಲಿಲ್ಲ. ಸೂರ್ಯ ಬಂದ, ಅಂಗೈ ಅರಳಲಿಲ್ಲ. ಭವ್ಯಶ್ರೀ ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿದಳು. ಹೋಗುವುದಾದರೆ ಹೋಗು ಮಾರಾಯ, ಎಂದು ಆ ಬೆನ್ನಿಗೆ ಮನಸ್ಸಿನಲ್ಲೇ ಹೇಳಿದಳು. ನನ್ನ ಸೈಕಲ್ ನಾನು ಬಿಡುವುದಿಲ್ಲ.

ಕೊನೆಯ ತಿರುವು ಕಳೆಯಿತು. ಕೆಫೆಟೇರಿಯಾದ ಎದುರು, ದಾರಿ ಮುಗಿಯುವಲ್ಲಿ, ಬಿಳಿ ಕಾರಿಗೆ ಒರಗಿ ಧರ್ಮಪಾಲ ಕೈಕಟ್ಟಿ ನಿಂತಿದ್ದ.

ಆಗ ರಿತೇಶನ ಬಲಗೈ ಬೆನ್ನ ಹಿಂದೆ ಬಂತು. ಬೀಸಿತು. ಮುಂದೆ ತೊಂದರೆ ಉಂಟು, ಎಡಕ್ಕೆ ಸರಿಯಿರಿ.

ಎಡಗಡೆ ಸುಸನ್‌ಳ ಗುಂಪು ಹೋಗುತ್ತಿತ್ತು. ಅದರೊಳಗೆ ಸೇರಿಕೊಂಡರೆ ಭವ್ಯಶ್ರೀ ಹತ್ತರಲ್ಲಿ ಒಬ್ಬಳು. ಅಣ್ಣ ಬಯ್ಯಬೇಕಾದರೆ ಅವನೊಬ್ಬನನ್ನೇ ಬಯ್ಯಬಹುದು. ಅವನ ಲೆಕ್ಕ ಅದು ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಅವನು ಓಡಿಹೋಗುತ್ತಿರಲಿಲ್ಲ. ಗಾಳಿಗೆ ಎದೆ ಕೊಡುತ್ತಿದ್ದ, ಎಂದಿನಂತೆ.

ಮೊದಲ ದಿನ ಆ ಸನ್ನೆ ಅರ್ಥವಾಗದೆ ಅವಳು ಸರಿದಿರಲಿಲ್ಲ. ಇಂದು ಅರ್ಥ ಚೆನ್ನಾಗಿ ಗೊತ್ತಿತ್ತು. ಇಂದೂ ಸರಿಯಲಿಲ್ಲ.

ಎದ್ದು ನಿಂತು ಪೆಡಲ್ ತುಳಿದಳು. ಅವನ ಹಿಂದಿನಿಂದ ಹೊರಬಂದು, ಅವನ ಪಕ್ಕಕ್ಕೆ, ಭುಜಕ್ಕೆ ಭುಜ ಸಮವಾಗಿ ಬಂದಳು. ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು.

“ಸಿಗ್ನಲ್ ಕಾಣ್ಲಿಲ್ವಾ?” ಎಂದ ಅವನು ಗಾಬರಿಯಿಂದ.

“ಕಂಡಿತು. ಕೈ ಮುಂದೆ ತಗೋ. ಹ್ಯಾಂಡಲ್ ಹಿಡಿ.” ಬಹುವಚನ ಯಾವಾಗ ಬಿದ್ದುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. “ತೊಂದರೆ ಎಲ್ಲಿ ಉಂಟು ಅಂತ ನಂಗೆ ಗೊತ್ತು. ಅದರ ಜೊತೆಗೇ ನಾನು ಬೆಳೆದದ್ದು.”

ಅವನು ಅವಳನ್ನು ನೋಡಿದ. ಬೆಳಗಿನಿಂದ ಮೊದಲ ಸಲ ನಕ್ಕ.

ಇಬ್ಬರೂ ಧರ್ಮಪಾಲನ ಕಾಲ ಬುಡದಲ್ಲೇ ಬ್ರೇಕ್ ಹಾಕಿದರು. ಧರ್ಮಪಾಲ ರಿತೇಶನನ್ನು ಹೆಲ್ಮೆಟ್ಟಿನಿಂದ ಶೂವರೆಗೆ ಅಳೆದ. ರಿತೇಶ್ ಸೈಕಲ್ಲಿಂದ ಇಳಿದು, ಕೈಗವಸು ಕಳಚಿ, ಕೈ ಮುಗಿದ.

“ನಮಸ್ಕಾರ, ಭಾವ.”

ಭವ್ಯಶ್ರೀ ತಟ್ಟನೆ ಅವನತ್ತ ತಿರುಗಿದಳು. ಅಷ್ಟು ದಿನ ಅಕ್ಕ ಎನ್ನದ ಬಾಯಿ!

“ಯಾರು ಭಾವ?” ಧರ್ಮಪಾಲ ಕೆಂಪಾದ. “ಯಾರಿಗೆ ಭಾವ?”

“ನೀನು. ಇವನಿಗೆ,” ಎಂದಳು ಭವ್ಯಶ್ರೀ. “ನಿನ್ನ ಒಪ್ಪಿಗೆ ಕೇಳ್ತಾ ಇಲ್ಲ ಅಣ್ಣ, ಸುದ್ದಿ ಹೇಳ್ತಾ ಇದ್ದೇನೆ. ಒಪ್ಪಿದ್ರೆ ನಂಗೆ ಸಂತೋಷ. ಒಪ್ಪದಿದ್ರೆ ಬೇಜಾರು. ಬೇಜಾರಿನಲ್ಲೇ ಮದುವೆ ಆಗ್ತೇನೆ.”

ಧರ್ಮಪಾಲ ಕಟ್ಟಿದ ಕೈ ಬಿಚ್ಚಿದ. ಅವಳು ಸೈಕಲ್ಲನ್ನು ರಿತೇಶನ ಕೈಗೆ ಕೊಟ್ಟು, ಹಿಂದೆ ತಿರುಗಿ ನೋಡದೆ ಕೆಫೆಟೇರಿಯಾದ ಕಿಟಕಿಗೆ ನಡೆದಳು.

“ಮೂರು ಕರಕ್,” ಎಂದಳು ಗಟ್ಟಿಯಾಗಿ, ಅಣ್ಣನಿಗೂ ಕೇಳುವಂತೆ. “ಮೂರನೆಯವ್ರು ಬರದಿದ್ರೆ ನಾನೇ ಎರಡು ಕುಡೀತೇನೆ.”