ಎಂಟು ಪೆಂಡಿ, ಎಂಟುನೂರು ಎಲೆ

ಎಂಟು ಪೆಂಡಿ ವೀಳ್ಯದೆಲೆಯಲ್ಲಿ ಎಂಟುನೂರು ಎಲೆ ಮಾಯ! ಸವಣೂರಿನ ಎಲೆ ವ್ಯಾಪಾರಿ ಕುಬೇರಪ್ಪನವರ ಕಂಪ್ಯೂಟರ್ ಹಾಗಂತ ತೋರಿಸಿದ ಗಳಿಗೆಯಲ್ಲೇ ಕಳ್ಳನೂ ನಿರ್ಧಾರವಾಗಿಬಿಟ್ಟ. ಪೆಂಡಿ ಕಟ್ಟಿದವನು ಮೈಲಾರಿ. ಇನ್ಯಾರು ಕದಿಯಬೇಕು?

"ಕಳ್ಳ! ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದು ಕೂಗಿದರು ಕುಬೇರಪ್ಪ.

ಮೈಲಾರಿ ತನ್ನ ಕೈ ನೋಡಿಕೊಂಡ. ಇಪ್ಪತ್ತೆರಡು ವರ್ಷ ಪೆಂಡಿ ಕಟ್ಟಿದ ಕೈ ಅದು. ಬಿಚ್ಚಿ ಎಣಿಸೋಣವೆಂದರೆ ಸಾಹುಕಾರರು ಒಲ್ಲರು — ಬಿಚ್ಚಿದ ಎಲೆ ಬಾಡುತ್ತದೆ, ಎಲೆ ಹೇಳಿಟ್ಟ ಮದುವೆ ಮನೆಯವರು ಮೂಗು ಮುರಿಯುತ್ತಾರೆ. ಅವನು ನೆಟ್ಟಗೆ ಹೋಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಶೀಲಾ ಅಕ್ಕಾರನ್ನು ಕರೆತಂದ. ಚಾಕ್‌ಪೀಸ್ ಕಳೆದರೂ ಪಂಚನಾಮೆ ಮಾಡುವ ಹೆಂಗಸು ಆಕೆ.

"ಪೆಂಡಿ ಹಗ್ಗ ಯಾರರೆ ಬಿಚ್ಯಾರೇನು?"

"ಇಲ್ರಿ," ಎಂದರು ಕುಬೇರಪ್ಪ.

"ಒಂದೊಂದ್ರಾಗ ಎಷ್ಟು ಕಮ್ಮಿ?"

"ಬರೋಬ್ಬರಿ ನೂರು. ಐನೂರು ಇರಬೇಕು, ನಾಕನೂರು ತೋರಸ್ತೈತಿ."

"ಎಂಟರಾಗೂ ಅಷ್ಟ? ಭಾಳ ಶಿಸ್ತಿನ ಕಳ್ಳ ಬಿಡ್ರಿ. ಮೈಲಾರಿ, ನೀ ಹೆಂಗ ಕಟ್ಟೀದಿ?"

"ಕೆಳಗ ನೂರರವು ಎರಡು ಕಟ್ಟು, ಮ್ಯಾಲ ಎರಡು. ನಡುವ ಕುಡಿ ಎಲಿ ಗಂಟು — ಹೊರಗಿಟ್ರ ಬಾಡ್ತಾವ್ರಿ. ಆ ಗಂಟಿನ್ಯಾಗ ಐವತ್ತು, ಐವತ್ತು. ನಾ ಹೇಳಿದಂಗ ಅಳಿಯಂದಿರು ಬರಕೊಂಡಾರ."

ಎಣಿಸುವ ಪ್ರೋಗ್ರಾಂ ಬರೆದವನೂ ಕುಬೇರಪ್ಪನವರ ಆ ಅಳಿಯನೇ, ಪಕ್ಕದಲ್ಲೇ ನಿಂತಿದ್ದ ಪ್ರಶಾಂತ. ಅಕ್ಕಾರು ಪರದೆ ತಮ್ಮ ಕಡೆ ತಿರುಗಿಸಿಕೊಂಡರು. ನೂರು, ನೂರು, ಆಮೇಲೆ ಬೇರೆ ಕಂಸದೊಳಗೆ ಐವತ್ತು, ಐವತ್ತು, ಮತ್ತೆ ನೂರು, ನೂರು. ಪಟ್ಟಿಯ ಹೊಟ್ಟೆಯಲ್ಲಿ ಇನ್ನೊಂದು ಪಟ್ಟಿ.

"ಪ್ರಶಾಂತ, ಅಂಕಿ ಅಲ್ಲದ್ದು ಬಂದ್ರ ಬಿಟ್ಟು ಮುಂದ ಹೋಗು ಅಂತ ಈ ಸಾಲು ಯಾಕ ಬರದಿ?"

"ಪ್ರೋಗ್ರಾಂ ಅಲ್ಲಿಗೆ ಬಂದು ನಿಂತ ಬಿಡತಿತ್ತು ಅಕ್ಕಾರ… ಅದಕ್ಕ…"

"ಸಿಕ್ಕ ನೋಡ್ರಿ ಕಳ್ಳ," ಎಂದರು ಶೀಲಾ. "ಅಂಕಿ ಕಂಡ್ರ ಕೂಡಸ್ತೈತಿ. ಒಳಗ ಇನ್ನೊಂದು ಪಟ್ಟಿ ಕಂಡ್ರ, ಪರಿಚಯ ಇಲ್ಲದವರಂಗ ದಾಟಿ ಹೋಗತೈತಿ. ಪೆಂಡಿಗೆ ನೂರರಂಗ ಎಂಟುನೂರು ನುಂಗಿದಾಂವ ನಿಮ್ಮ ಅಳಿಯ, ಕುಬೇರಪ್ಪನವರ — ಒಂದ ಎಲೀನೂ ಮುಟ್ಟದ."

ಆಕೆ ಆ ಸಾಲು ಅಳಿಸಿ, ಪಟ್ಟಿ ಸಿಕ್ಕರೆ ಅದರೊಳಗೂ ಹೊಕ್ಕು ಎಣಿಸುವಂತೆ ಬರೆದರು. ನಾಲ್ಕು ಸಾವಿರ ಬಂತು, ಒಂದೂ ಕಡಿಮೆಯಿಲ್ಲ.

ಕುಬೇರಪ್ಪ ಹಲ್ಲು ಕಿರಿದರು. "ಆತಲ್ಲೋ ಮೈಲಾರಿ. ನಾಳೆ ಬಾ."

"ಈ ಕಂಪ್ಯೂಟರ್ ನೋಡಿ ಕಳ್ಳ ಅಂದ್ರಿ. ಈಗ ಇದನ್ನ ನೋಡಿ ಸಾಚಾ ಅನ್ನಾಕತ್ತೀರಿ. ಬ್ಯಾಡ್ರಿ. ಒಂದು ಪೆಂಡಿ ಬಿಚ್ಚಿ ಕೈಲೆ ಎಣಸ್ರಿ," ಎಂದ ಮೈಲಾರಿ.

ಅಕ್ಕಾರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಅಳಿಯ ಹಗ್ಗ ಬಿಚ್ಚಿದ. ಸಾಹುಕಾರರು ಚಾಪೆಯ ಮೇಲೆ ಕೂತು, ಎರಡು ಸಲ ಲೆಕ್ಕ ತಪ್ಪಿ, ಮೂರನೆಯ ಸಲ ಮುಗಿಸಿದರು.

"ಐನೂರು," ಎಂದು ಗೊಣಗಿದರು.

"ಜೋರಾಗಿ ಹೇಳ್ರಿ ಸಾವ್ಕಾರ್ರ," ಎಂದ ಮೈಲಾರಿ. "ಕಳ್ಳ ಅಂದದ್ದು ಇಡೀ ಓಣಿಗೆ ಕೇಳಿತ್ತು."

ಕುಬೇರಪ್ಪ ಮೊಣಕಾಲು ಹಿಡಿದು ಎದ್ದು, ಬಾಗಿಲಿಗೆ ಹೋಗಿ ಓಣಿಯತ್ತ ಕೂಗಿದರು: "ಐನೂರು! ಬರೋಬ್ಬರಿ ಐತಿ!"